ತಿಕೋಟದಿಂದ ಬಂದ ಫೋನು

ಅಕ್ಕಾ, ತಿಕೋಟದವರು ನಿನ್ನನ್ನು ಬೇಡವೆಂದಿರಲಿಲ್ಲ. ಬೇಡವೆಂದವಳು ನಾನು.

ಹದಿನಾಲ್ಕು ವರ್ಷ ಈ ಮಾತನ್ನು ಒಳಗೇ ಇಟ್ಟುಕೊಂಡೆ. ಈಗ ಸಾಕಾಗಿದೆ.

ಅಪ್ಪ ತೀರಿಕೊಂಡು, ಅವ್ವ ಲಕ್ವಾ ಹೊಡೆದು ಹಾಸಿಗೆ ಹಿಡಿದಾಗ ನೀನು ಶಾಲೆ ಬಿಟ್ಟೆ. ನಸುಕಿನಲ್ಲೇ ಒಲೆ ಹೊತ್ತಿಸಿ ಜೋಳದ ರೊಟ್ಟಿ ಬಡಿಯುತ್ತಿದ್ದೆ. ಆ ರೊಟ್ಟಿಗಳು ನಮ್ಮ ಬಬಲೇಶ್ವರದಿಂದ ವಿಜಯಪುರದ ಖಾನಾವಳಿಗೆ ಹೋಗುತ್ತಿದ್ದ ಬಸ್ಸಿನಲ್ಲೇ ಮುಂದೆ ನಾನು ಕಾಲೇಜಿಗೆ ಹೋದೆ. ಅವ್ವನ ಮೈ ಒರೆಸುವುದು, ಹೊರಳಿಸಿ ಮಲಗಿಸುವುದು, ತುತ್ತು ಮಾಡಿ ಉಣಿಸುವುದು — ಎಲ್ಲ ನೀನೇ. ಓದುವವಳೆಂದು ಒಂದು ದಿನವೂ ನನ್ನನ್ನು ಆ ಕೆಲಸಕ್ಕೆ ಕರೆಯಲಿಲ್ಲ.

ತಿಕೋಟದ ಬಸವರಾಜ ಅವರು ತಾಯಿಯೊಂದಿಗೆ ನಿನ್ನನ್ನು ನೋಡಿ ಹೋದ ನಾಲ್ಕನೆಯ ದಿನ ಫೋನು ಬಂತು. ದ್ರಾಕ್ಷಿ ತೋಟದವರು, ಮೆತ್ತನೆಯ ಮಾತಿನ ಮನುಷ್ಯ. ನಿನ್ನ ಕೈ ಹಿಟ್ಟಾಗಿತ್ತು. ನಾನೇ ಎತ್ತಿದೆ.

"ನಮಗ ನಿಮ್ಮ ಅಕ್ಕಾರು ಪಸಂದ ಅದಾರ್ರಿ," ಎಂದರು. "ನಿಮ್ಮ ಓದು ಮುಗಿಯೂತನಕ ಕಾಯ್ತೀವ್ರಿ. ಆಮ್ಯಾಲ ನಿಮ್ಮ ಅವ್ವಾರನ್ನ ನೀವು ನೋಡ್ಕೋತೀರಲ್ರಿ?"

ಅದರಲ್ಲಿ ತಪ್ಪೇನಿತ್ತು? ಆದರೆ ನನ್ನ ಕಣ್ಣೆದುರು ಬಂದದ್ದು ಅವ್ವನ ಹಾಸಿಗೆ, ಅದರ ವಾಸನೆ, ಅದರ ಪಕ್ಕದಲ್ಲಿ ದಿನಗಟ್ಟಲೆ ಕೂತ ನಾನು —

"ಅಕ್ಕಗ ಲಗ್ನಾ ಬ್ಯಾಡಂತ್ರಿ," ಎಂದೆ.

ಒಳಗೆ ಬಂದಾಗ ನೀನು ತಿರುಗದೆಯೇ ಕೇಳಿದೆ, "ಏನಂದ್ರವಾ?"

"ಒಲ್ಲೆಂದ್ರು."

"ಯಾಕಂತ?"

ಅಲ್ಲಿಗೇ ನಾನು ಸುಮ್ಮನಾಗಬಹುದಿತ್ತು. "ನಿನ್ನ ಕೈ ಭಾಳ ಒರಟ ಅದಾವಂತ."

ನೀನು ಹೆಂಚಿನ ಮೇಲಿನ ರೊಟ್ಟಿ ತಿರುವಿದೆ. ಅಂದಿನಿಂದ ಮನೆಗೆ ಯಾರೇ ಬಂದರೂ ನೀನು ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂರುವುದನ್ನು — ನಾನು ನೋಡಿದ್ದೇನೆ ಅಕ್ಕಾ. ಪ್ರತಿ ಸಲ ನೋಡಿದ್ದೇನೆ. ಮುಂದೆ ಇನ್ನೊಂದು ಸಂಬಂಧ ಬಂದಾಗ ನೀನೇ ಬೇಡವೆಂದೆ.

ನಾನು ಶಿಕ್ಷಕಿಯಾದೆ, ಮದುವೆಯಾಗಿ ವಿಜಯಪುರದಲ್ಲಿ ಮನೆ ಮಾಡಿದೆ. ಬಸವರಾಜ ಅವರಿಗೂ ಬೇರೆ ಕಡೆ ಮದುವೆಯಾಯಿತು. ಹೋದ ವರ್ಷ ಅವ್ವ ತೀರುವವರೆಗೂ ಅವಳನ್ನು ನೋಡಿಕೊಂಡವಳು ನೀನೊಬ್ಬಳೇ.

ಕಳೆದ ತಿಂಗಳು ನಿನ್ನನ್ನು ಇಲ್ಲಿಗೆ ಕರೆಸಿ ಸಿನಿಮಾಕ್ಕೆ ಕರೆದೊಯ್ದೆ. ಅದು ಮನೆಯ ಭಾರವನ್ನೆಲ್ಲ ಹೊತ್ತ ಹುಡುಗಿಯೊಬ್ಬಳ ಕಥೆಯೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ — ಕರೆದೊಯ್ಯುತ್ತಿರಲಿಲ್ಲ. ಪಕ್ಕದವರೆಲ್ಲ ಕಣ್ಣೊರೆಸಿಕೊಂಡರು, ನೀನು ಅಳಲಿಲ್ಲ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತು, ಮೊಣಕಾಲು ತಿಕ್ಕಿಕೊಳ್ಳುತ್ತ ನೀನು ಅಂದೆ:

"ಆಕಿ ತಂಗಿ ಒಂದ ಸಲ, 'ನೀ ಹೋಗಬೇ ಅಕ್ಕಾ, ಮನಿ ನಾ ನೋಡ್ತೀನಿ' ಅಂದಿದ್ರ ಸಾಕಿತ್ತು. ನೀ ಆಗಿದ್ರ ಅಂತಿದ್ದಿ."

ನಾನು ನೀರಿನ ಬಾಟಲಿಯ ಮುಚ್ಚಳ ತೆಗೆದು ನಿನಗೆ ಕೊಟ್ಟೆ. ಅಷ್ಟೇ ಮಾಡಿದೆ. ಬಸ್ಸು ಬಂತು, ನೀನು ಹತ್ತಿ ಹೋದೆ.

ಆಗ ನನಗೆ ಇಪ್ಪತ್ತೆರಡು ವರ್ಷ, ಹೆದರಿದ್ದೆ — ಎಂದು ಇಲ್ಲಿ ಬರೆದು ಹೊಡೆದು ಹಾಕಿದ್ದೇನೆ. ನಿನಗೂ ಇಪ್ಪತ್ತಾರೇ ಆಗಿತ್ತು.

ಈ ಭಾನುವಾರ ಬೆಳಿಗ್ಗೆ ಬರುತ್ತೇನೆ. ಈ ಕಾಗದವನ್ನು ನಿನ್ನ ಕೈಗಿಟ್ಟು ಹೊರಗೆ ಹೋಗಿ ನಿಲ್ಲುವುದಿಲ್ಲ. ಎದುರಿಗೆ ಕೂತು ನಾನೇ ಓದುತ್ತೇನೆ. ನನ್ನ ಮೇಲಿನ ಕರುಣೆಯಿಂದ ನೀನು ನಡುವೆಯೇ ಸಾಕು ಅನ್ನಬಹುದು. ಆದರೂ ನಿಲ್ಲಿಸುವುದಿಲ್ಲ.