ಕುಂತ್ರು ಎಂಬ ಒಂದು ಮಾತು

ಎಪ್ಪತ್ತರ ದಶಕದ ಒಂದು ಲೋಕಸಭಾ ಚುನಾವಣೆ. ನಾನಾಗ ಕನ್ನಡ ದಿನಪತ್ರಿಕೆಯೊಂದರ ಗುಲಬರ್ಗಾ ಜಿಲ್ಲಾ ವರದಿಗಾರ. ಸೇಡಂ, ಚಿತ್ತಾಪುರ, ಚಿಂಚೋಳಿ ತಾಲ್ಲೂಕುಗಳ ಸುದ್ದಿ ನನ್ನ ಕೈಯಿಂದಲೇ ಡೆಸ್ಕ್‌ಗೆ ಹೋಗುತ್ತಿತ್ತು. ತಪ್ಪಾದರೆ ಅದೂ ನನ್ನದೇ.

ಆ ಸಲ ಕಣದಲ್ಲಿದ್ದ ಪಕ್ಷೇತರರಲ್ಲಿ ಮೌಲಾಸಾಬ್ ಒಬ್ಬರು. ಶಹಾಬಾದ್ ಬಳಿಯ ಗಣಿಯಲ್ಲಿ ಮೂವತ್ತು ವರ್ಷ ಹಾಸುಗಲ್ಲು ಸೀಳಿದವರು. ಬೆನ್ನಿಗೆ ಪಕ್ಷವಿರಲಿಲ್ಲ, ಓಡಾಡಲು ಜೀಪಿರಲಿಲ್ಲ. ಬಸ್ಸಿನಲ್ಲಿ ಊರೂರು ತಿರುಗಿ ಸಂತೆಗಳಲ್ಲಿ ಮಾತಾಡುತ್ತಿದ್ದರು. ಗಣಿ ದೂಳು ಕುಡಿದು ಕೆಮ್ಮುವವರಿಗೆ ಒಂದು ಆಸ್ಪತ್ರೆ ಬೇಕು, ಅದನ್ನು ದಿಲ್ಲಿಯಲ್ಲಿ ಕೇಳುವವನೊಬ್ಬ ಬೇಕು: ಅವರ ಪ್ರಣಾಳಿಕೆ ಇಷ್ಟೇ. ಆ ಕೆಮ್ಮು ಅವರಿಗೂ ಇತ್ತು.

ನಮ್ಮ ಸೀಮೆಯಲ್ಲಿ ಚುನಾವಣೆಗೆ ಎರಡೇ ಕ್ರಿಯಾಪದ. ಸ್ಪರ್ಧಿಸಿದವರು ‘ನಿಂತಾರ’. ಎದುರಾಳಿಯ ಜೊತೆ ಒಳಗೊಳಗೇ ಮಾತಾಡಿಕೊಂಡು ಕಣ ಬಿಟ್ಟವರು ‘ಕುಂತಾರ’. ಗಣಿ ಕೆಲಸಗಾರರ ಹೆಸರಿನಲ್ಲಿ ಹಿಂದೆ ನಿಂತಿದ್ದ ಇಬ್ಬರೂ ಮತದಾನಕ್ಕೆ ಮೊದಲೇ ಕುಂತಿದ್ದರು. ಹೀಗಾಗಿ ಮೌಲಾಸಾಬರ ಮೊದಲ ಸಭೆಯಲ್ಲೇ ಕಲ್ಲು ಹೊರುವ ಶರಣಮ್ಮ ಎದ್ದು ಕೇಳಿದ್ದಳು:

“ಅಣ್ಣಾ, ನೀ ಯಾವಾಗ ಕುಂದರಾಂವ ಈಗೇ ಹೇಳಿಬಿಡು. ಅಲ್ಲೀ ತನಕ ಅಷ್ಟ ಜೈ ಅಂತೀವಿ.”

“ಮೂವತ್ತು ವರ್ಷ ಕುಂತೇ ಕಲ್ಲು ಬಡದೀನಿ ತಂಗಿ. ನಿಂತಿದ್ದು ಇದೇ ಮೊದಲ. ಕುಂದರಂಗಿಲ್ಲ,” ಎಂದರು ಅವರು. ಆ ಮಾತನ್ನೇ ನಂಬಿ ಗಣಿಯ ಮಂದಿ ಅವರ ಹಿಂದೆ ಬಂದಿದ್ದರು.

ಮತದಾನಕ್ಕೆ ಆರು ದಿನ ಉಳಿದಿತ್ತು. ಸುಲೇಪೇಟದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡು ನಮಗೆ ಅರೆಕಾಲಿಕ ವರದಿಗಾರನೂ ಆಗಿದ್ದ ವೀರಣ್ಣ ಸಂಜೆ ಟ್ರಂಕ್ ಕಾಲ್ ಮಾಡಿದ. ಗೊರಗೊರ ಸದ್ದಿನ ನಡುವೆ ಕೇಳಿಸಿದ್ದು ಇಷ್ಟು:

“ಸಾರ್, ಮೌಲಾಸಾಬ್ರು ಕುಂತ್ರು! ಸಾಹುಕಾರ್ರ ಕಟ್ಟಿ ಮ್ಯಾಲ... ಮಂದಿ ಭಾಳ ಕೂಡ್ಯಾರ...”

ಲೈನ್ ಕಡಿಯಿತು. ಆ ಸಾಹುಕಾರರು ಎದುರಾಳಿಯ ಪರ ಬಹಿರಂಗವಾಗಿ ಮತ ಕೇಳುತ್ತಿದ್ದವರು. ಮತ್ತೆ ಕಾಲ್ ಬುಕ್ ಮಾಡಿ ಕಾದರೆ ಪುಟ ಅಚ್ಚಿಗೆ ಹೋಗಿಬಿಡುತ್ತಿತ್ತು. ನಾನು ಕಾಯಲಿಲ್ಲ. ಮರುದಿನ ಮೊದಲ ಪುಟದಲ್ಲಿ ಬಂತು: ‘ಮೌಲಾಸಾಬ್ ಕಣದಿಂದ ಹಿಂದಕ್ಕೆ’.

ಬೆಳಿಗ್ಗೆ ವೀರಣ್ಣ ಮತ್ತೆ ಫೋನ್ ಮಾಡಿದ. “ಏನ್ ಬರದೀರಿ ಸಾರ್? ಉಬ್ಬಸ ಬಂದು ಕಟ್ಟಿ ಮ್ಯಾಲ ಕುಂತ್ರು ಅಂದೀನಿ. ನೀರ್ ಕುಡದು, ಎದ್ದು, ಮತ್ತ ಭಾಷಣ ಮಾಡ್ಯಾರ!”

ಆ ದಿನ ಮೌಲಾಸಾಬರ ಪ್ರಚಾರವಿದ್ದ ಚಿತ್ತಾಪುರಕ್ಕೆ ಸಿಕ್ಕ ಬಸ್ಸು ಹಿಡಿದು ಹೋದೆ. ಬಸ್ ನಿಲ್ದಾಣದೆದುರಿನ ಚಹದಂಗಡಿಯಲ್ಲಿ ನಮ್ಮ ಪತ್ರಿಕೆ ಹರಡಿತ್ತು, ಮೌಲಾಸಾಬ್ ಹೊರಗೆ ನಿಂತಿದ್ದರು.

“ಏನ್ ಚಾಚಾ, ಕುಂತ್ರಂತಲ್ಲ? ಗಾದಿ ಮೆತ್ತಗಿತ್ತೇನು?” ಎಂದ ಒಬ್ಬ.

“ಪೇಪರ್‌ನ್ಯಾಗ ಕುಂತೀನಿ. ಇಲ್ಲಿ ನಿಂತೀನಿ ನೋಡು.”

ತಪ್ಪು ನನ್ನದು ಎಂದು ಎಲ್ಲರೆದುರು ಒಪ್ಪಿಕೊಂಡೆ. ಅವರು ಬೈಯಲಿಲ್ಲ. “ಎಲ್ಲಿ ಕುಂದ್ರಿಸೀರೋ ಅಲ್ಲೇ ನಿಂದ್ರಸ್ರಿ ಸಾಹೇಬ್ರ,” ಎಂದಷ್ಟೇ ಹೇಳಿದರು.

ಸಂಪಾದಕರು ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಸಾಕೆಂದರು. ತಪ್ಪು ಮೊದಲ ಪುಟದಲ್ಲಿದೆ ಸರ್ ಎಂದೆ. ಕೊನೆಗೆ ಒಪ್ಪಿದರು. ಮರುದಿನ ಅದೇ ಜಾಗದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ‘ಮೌಲಾಸಾಬ್ ಕಣದಲ್ಲೇ ಇದ್ದಾರೆ, ನಮ್ಮ ವರದಿ ತಪ್ಪು’ ಎಂದು ಅಚ್ಚಾಯಿತು.

ಆದರೆ ತಪ್ಪು ಸುದ್ದಿ ಮುಟ್ಟಿದ ಊರಿಗೆಲ್ಲ ತಿದ್ದುಪಡಿ ಮುಟ್ಟುವುದಿಲ್ಲ. ಮೌಲಾಸಾಬರಿಗೆ ಅದು ನನಗಿಂತ ಚೆನ್ನಾಗಿ ಗೊತ್ತಿತ್ತು. ಅಂದಿನಿಂದ ಅವರು ಜನರೆದುರು ಕೂರಲೇ ಇಲ್ಲ. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತರು. ವಾಡಿಯಲ್ಲಿ ನಿಂತೇ ರೊಟ್ಟಿ ತಿಂದರು. ಸೇಡಂ ಸಂತೆಯಲ್ಲಿ ಕೆಮ್ಮು ಹಿಡಿದಾಗ ಗೋಡೆಗೆ ಹಣೆಯಾನಿಸಿದರು, ಮಂಡಿ ಬಗ್ಗಿಸಲಿಲ್ಲ. ಮತದಾನದವರೆಗೂ ನಾನು ಅವರ ಜೊತೆಗಿದ್ದು ವರದಿ ಕಳಿಸಿದೆ.

ಕುರಕುಂಟಾದಲ್ಲಿ ಒಬ್ಬ ಮುದುಕಿ ಕಂಬಳಿ ಹಾಸಿದಳು. “ಕುಂದ್ರಪ್ಪಾ, ಬಿಸಲಾಗ ಬಂದೀದಿ.”

“ಬ್ಯಾಡವ್ವ, ಕುಂತ್ರ ಪೇಪರ್‌ನ್ಯಾಗ ಬರ್ತದ. ನೋಡು, ಬರಿಯೋರನ್ನ ಜೋಡಿ ಕರಕೊಂಡೇ ತಿರಗಾಕತ್ತೀನಿ.”

ಮುದುಕಿ ನನ್ನತ್ತ ತಿರುಗಿದಳು. “ಹಂಗಾದ್ರ ನೀ ಕುಂದ್ರು ತಮ್ಮಾ. ನೀ ಕುಂತ್ರ ಯಾರಿಗೂ ಲುಕ್ಸಾನಿಲ್ಲ.”

ಊರೇ ನಕ್ಕಿತು. ನಾನು ಕುಳಿತೆ.

ಮತ ಎಣಿಕೆ ಗುಲಬರ್ಗಾದಲ್ಲಿ ನಡೆಯಿತು. ಮೌಲಾಸಾಬ್ ಸೋತರು, ಠೇವಣಿಯೂ ಹೋಯಿತು. ಆದರೆ ಶಹಾಬಾದ್ ಭಾಗದ ಎಣಿಕೆಯಲ್ಲಿ ಅವರು ಎರಡನೆಯ ಸ್ಥಾನದಲ್ಲಿದ್ದರು. ಗಣಿಯ ಮಂದಿ ಅವರ ಮಾತನ್ನೇ ನಂಬಿದ್ದರು, ನನ್ನ ಸುದ್ದಿಯನ್ನಲ್ಲ. ಫಲಿತಾಂಶ ಪ್ರಕಟವಾಗುವವರೆಗೆ ಅವರು ಗೋಡೆ ಬದಿಯಲ್ಲಿ ನಿಂತೇ ಇದ್ದರು.

ಎಣಿಕೆ ಕೇಂದ್ರದ ಗೇಟಿನ ಹೊರಗೆ ಶರಣಮ್ಮ ಕಾಯುತ್ತಿದ್ದಳು. “ಸಾಕಣ್ಣಾ, ಇನ್ನ ಕುಂದ್ರು,” ಎಂದಳು.

ಮೌಲಾಸಾಬ್ ನನ್ನತ್ತ ನೋಡಿದರು. “ಬರಕೋರಿ ಸಾಹೇಬ್ರ. ಈಗ ಕುಂತೀನಿ.”

ಮುಂದೆ ನಿವೃತ್ತನಾಗುವವರೆಗೂ, ಫೋನಿನಲ್ಲಿ ಯಾರು ಏನೇ ಹೇಳಿದರೂ ‘ಎಲ್ಲಿ, ಯಾಕೆ’ ಎಂದು ಕೇಳದೆ ನಾನು ಪೆನ್ನು ಹಿಡಿಯಲಿಲ್ಲ. ಎಣಿಕೆಯ ದಿನ ನಾನು ಕಳಿಸಿದ ವರದಿಯ ಕೊನೆಯ ಸಾಲು ಹೀಗಿತ್ತು: ‘ಫಲಿತಾಂಶ ಪ್ರಕಟವಾದ ನಂತರ ಮೌಲಾಸಾಬ್ ಗೇಟಿನ ಹೊರಗಿನ ಕಲ್ಲಿನ ಮೇಲೆ ಕುಳಿತರು.’ ಇದು ಅನಗತ್ಯ ಎಂದು ಡೆಸ್ಕ್ ತೆಗೆಯಹೊರಟಾಗ ನಾನು ಬಿಡಲಿಲ್ಲ. ಈ ಸಲ ಅವರು ಕುಳಿತದ್ದನ್ನು ನಾನೇ ನೋಡಿದ್ದೆ.