ಕೊರಳಿಗೆ ಬಿದ್ದ ಅಮಾನತು

ದಮನ್‌ಹೂರು ಪಟ್ಟಣದ ಆ ಬೀದಿಯಲ್ಲಿ ಇನ್ಷಿರಾಹ್ ಹೇಳಿದಳೆಂದರೆ ಮುಗಿಯಿತು. ಗಂಡ ತೀರಿದ ಮೇಲೆ ಬಟ್ಟೆ ಹೊಲಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಪರವೂರಿಗೆ ಹೊರಟವರು ಮನೆಯ ಕೀಲಿ, ಬಳೆ, ಕೊನೆಗೆ ಮನೆಯ ಗುಟ್ಟನ್ನೂ ಅವಳಿಗೊಪ್ಪಿಸಿ ಹೋಗುತ್ತಿದ್ದರು. ಅಮಾನತು ಎಂದು, ದೇವರ ಮೇಲೆ ಭಾರ ಹಾಕಿ ನಂಬಿ ಒಪ್ಪಿಸಿದ್ದು, ಅವಳ ಬಳಿ ಇಟ್ಟಂತೆಯೇ ಇರುತ್ತಿತ್ತು. ಅಂಥವಳನ್ನು ಕೆಡಿಸಿದ್ದು ಆ ಒಂದು ಪದವೇ, ನೋಡಿ.

ವಾಟ್ಸಾಪಿಗೆ ಒಂದು ಸಂದೇಶ ಬಂತು. ಹಳ್ಳಿಯಿಂದ ತಲೆಯ ಮೇಲೆ ಹೊತ್ತು ತರುವ ಬಿಳಿ ಚೀಸಿಗೆ ಹೆಣ ಕೆಡದಂತಿಡುವ ಔಷಧಿ ಬೆರೆಸುತ್ತಾರೆ, ಮಕ್ಕಳು ಸಾಯುತ್ತಿದ್ದಾರೆ ಎಂದು. ಕೊನೆಯಲ್ಲಿ, 'ಇದು ನಿಮ್ಮ ಕೊರಳಿಗೆ ಬಿದ್ದ ಅಮಾನತು. ನಾಲ್ಕು ಜನಕ್ಕೆ ತಲುಪಿಸದಿದ್ದರೆ ಅಲ್ಲಾಹನ ಮುಂದೆ ಉತ್ತರ ಕೊಡಬೇಕು.'

ಯಾರು ಬರೆದರು, ಯಾವ ಮಗು ಸತ್ತಿತು, ಅವಳು ಕೇಳಲಿಲ್ಲ. ಅಮಾನತು ಎಂದ ಮೇಲೆ ಕೇಳುವುದೇನು! ಬೀದಿಯ ಎಷ್ಟೋ ಹೆಂಗಸರಿಗೆ ಓದು ಬಾರದೆಂದು ತಾನೇ ಗಟ್ಟಿಯಾಗಿ ಓದಿ, ದನಿ ಮುದ್ರಿಸಿ ಎಲ್ಲರಿಗೂ ಕಳಿಸಿ ಹಗುರಾದಳು.

ಆ ಬೀದಿಗೆ ಹಾಗೆ ಚೀಸ್ ತರುತ್ತಿದ್ದವಳು ಬದ್ರಿಯಾ ಒಬ್ಬಳೇ. ದಿನವೂ ಇನ್ಷಿರಾಹಳದೇ ಬೋಣಿ. ಆದರೂ ಕಳಿಸುವ ಹೊತ್ತಿನಲ್ಲಿ ಆ ಮುಖ ನೆನಪಾಗಲಿಲ್ಲವಂತೆ, ಅಯ್ಯೋ! ಮಾರನೆಯ ದಿನ ಹೆಂಗಸರು ಬದ್ರಿಯಾಳ ತಟ್ಟೆಯನ್ನು ಚರಂಡಿಗೆ ಕವುಚಿದರು. ಆಮೇಲೆ ಅವಳು ಬರಲಿಲ್ಲ.

ಆಗ ವಿಚಾರಿಸಿದರೆ, ಎಲ್ಲೂ ಒಂದು ಮಗುವೂ ಸತ್ತಿರಲಿಲ್ಲ. ನಾಚಿಕೆಯಿಂದ ಕುಗ್ಗಿಹೋದ ಇನ್ಷಿರಾಹ್ ಮತ್ತೆ ದನಿ ಕಳಿಸಿದಳು: "ನಾ ಹೇಳಿದ್ದು ಸುಳ್ಳು ಕಣ್ರೇ. ವಿಚಾರಿಸ್ದೆ ಹೇಳ್ಬಿಟ್ಟೆ."

ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ಎದುರುಮನೆಯ ಕರೀಮಾ ನಕ್ಕುಬಿಟ್ಟಳು. "ನಿಮ್ಮ ಮೆತ್ತನೆ ಮನಸ್ಸು ನಮಗೆ ಗೊತ್ತಿಲ್ವಾ ಅಕ್ಕಾ? ಅವಳು ಬಂದು ಅತ್ತಿರ್ತಾಳೆ, ನೀವು ಕರಗಿರ್ತೀರಿ."

ಕೊನೆಗೆ ಇನ್ಷಿರಾಹ್ ವ್ಯಾನು ಹತ್ತಿ ಬದ್ರಿಯಾಳ ಹಳ್ಳಿಗೇ ಹೋದಳು. ಬದ್ರಿಯಾ ಬೈಯಲಿಲ್ಲ. ಹೊರಗೆ ಚಾಪೆ ಹಾಸಿ ಚಹಾ ತಂದುಕೊಟ್ಟಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಇನ್ಷಿರಾಹಳಿಗೆ.

"ತಪ್ಪಾಯ್ತು ಬದ್ರಿಯಾ. ಬಾ, ನಿನ್ನ ಜೊತೆ ನಾನೇ ಮನೆಮನೆಗೂ ಬರ್ತೀನಿ. ಎಲ್ಲರ ಮುಂದೆ ನಾನೇ ಮೊದಲು ತಿಂತೀನಿ."

"ಬೀದಿಯೋರ ಮಾತು ಬಿಡಿ ಅಕ್ಕಾ." ಬದ್ರಿಯಾ ದನಿ ತಗ್ಗಿಸಿದಳು. ಒಳಗೆ ಸೊಸೆ ಮಗುವಿಗೆ ಉಣಿಸುತ್ತಿದ್ದಳು. "ನಿಮ್ಮ ದನಿ ಇವಳ ಮೊಬೈಲಿಗೂ ಬಂತು. ಈಗ ಮೊಮ್ಮಗೂಗೆ ನನ್ನ ಕೈಯಿಂದ ಒಂದು ತುತ್ತು ತಿನ್ಸೋಕೂ ಬಿಡಲ್ಲ. ಕೇಳಿದ್ರೆ, 'ಇನ್ಷಿರಾಹಮ್ಮ ಸುಳ್ಳು ಹೇಳೋರಲ್ಲ ಅಂತ ನೀವೇ ಅಂತಿದ್ರಲ್ಲ ಅತ್ತೆ' ಅಂತಾಳೆ."