ಕಾಲೆತ್ತಿದರೆ ನಿಲ್ಲುವ ಮಗ್ಗ

ನನಗೆ ನೇಯುವುದನ್ನು ಕಲಿಸಿದ್ದು ಅಪ್ಪನ ಬೆತ್ತ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಆಗ ಮನೆಮನೆಗೂ ರೇಷ್ಮೆಯ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ತುಳಿಯುತ್ತಿದ್ದರೆ ಮಗ್ಗ ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ. ಎಳೆ ಕಡಿದರೆ ಮೊದಲು ಎರಡೂ ಕಾಲು ಎತ್ತಬೇಕು, ಆಮೇಲೆ ಕೈ ಒಳಗೆ. ನಾನು ಮರೆತಾಗಲೆಲ್ಲ ಮೊಣಕಾಲ ಕೆಳಗೆ ಏಟು ಬೀಳುತ್ತಿತ್ತು. ಒಮ್ಮೆ ಮದುವೆ ಸೀರೆಯ ಹಾಸಿನ ಎಳೆಗಳನ್ನು ಹರಿದು ಹಾಕಿದ್ದಕ್ಕೆ ಅಡ್ಡ ಎಳೆ ಹಾಯಿಸುವ ಲಾಳಿಯನ್ನೇ ಮುಖಕ್ಕೆ ಬೀಸಿದ. ಲಾಳಿಯ ಮೂತಿ ಲೋಹದ್ದು. ನನ್ನ ಎಡ ಹುಬ್ಬು ಇವತ್ತಿಗೂ ಎರಡು ತುಂಡು.

"ತಲ್ಗೆ ಕಲ್ಸುದ್ರೆ ಮರ್ತೋಯ್ತದೆ ಕಣ್ಲಾ, ಕಾಲ್ಗೆ ಕಲ್ಸುದ್ರೆ ಸಾಯಗಂಟ ಇರ್ತದೆ" ಎನ್ನುತ್ತಿದ್ದ. ಅದು ಎಷ್ಟು ನಿಜ ಎಂದು ನನಗೆ ಗೊತ್ತಾಗಿದ್ದು ಅವನ ರಕ್ತ ನೋಡಿದ ಮೇಲೆ.

ನಾನು ಐಟಿಐ ಮುಗಿಸಿ ಪವರ್‌ಲೂಮ್ ತರಬೇತಿ ಕೇಂದ್ರವೊಂದರಲ್ಲಿ ಮೇಷ್ಟ್ರಾದೆ. ಕೈಮಗ್ಗದವರನ್ನು ಮುಂದಿನ ಕಾಲಕ್ಕೆ ಸಜ್ಜುಗೊಳಿಸುತ್ತೇವೆ ಎಂದು ಬಾಗಿಲ ಮೇಲೆ ಬ್ಯಾನರ್. ಸಜ್ಜುಗೊಳಿಸುವ ಮಿಷಿನ್ ಮಾತ್ರ ಯಾರೋ ಬಳಸಿ ಬಿಸಾಕಿದ ಹಳೇದು. ಎಳೆ ಕಡಿದರೆ ತಾನೇ ನಿಲ್ಲುವ ಸವಲತ್ತು ಅದರಲ್ಲಿ ಎಂದೋ ಕೆಟ್ಟಿತ್ತು. ನನಗದು ದೊಡ್ಡ ವಿಷಯ ಅನಿಸಲಿಲ್ಲ. ಆಗ ನನಗೆ ಹೊಸದರ ಹುಚ್ಚು.

ತರಬೇತಿಗೆ ಬರಲ್ಲ ಎಂದು ಅಪ್ಪ ಹಟ ಹಿಡಿದ. ಅವನು ನೆಂಟರ ತಿಥಿಗೆಂದು ಯಳಂದೂರಿಗೆ ಹೋದ ದಿನ ನಾನು ಮಗ್ಗ ಕಿತ್ತು, ಗುಂಡಿಗೆ ಕಲ್ಲುಮಣ್ಣು ಸುರಿಸಿ ಮುಚ್ಚಿಸಿಬಿಟ್ಟೆ. ಬಸ್ಸಿಳಿದು ಬಂದವನು ಅದನ್ನು ನೋಡಿ ನನ್ನನ್ನು ಬೀದಿಗೆಳೆದು ಕೆಡವಿ ಚಪ್ಪಲಿಯಲ್ಲಿ ಹೊಡೆದ. ನಾನೂ ಸುಮ್ಮನಿರಲಿಲ್ಲ, ಹೆತ್ತಪ್ಪನ ಎದೆಗೆ ಒದ್ದೆ. ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅಪ್ಪ ಮಗ್ಗ ಇಲ್ಲದ ಮನೆಯಲ್ಲಿ ಒಂದು ವಾರ ಕೂತಿದ್ದು, ಒಂದು ಬೆಳಿಗ್ಗೆ ನನ್ನ ಹಿಂದೆ ಕೇಂದ್ರಕ್ಕೆ ನಡೆದ.

ಅಲ್ಲಿ ಅವನೇ ಎಲ್ಲರಿಗಿಂತ ಜಾಣ. "ಎಳೆ ಕಡಿದರೆ ಏನು ಮಾಡಬೇಕು?" ಎಂದು ನಾನು ಕೇಳಿದರೆ "ಕೆಂಪು ಸ್ವಿಚ್ ಒತ್ಬೇಕು, ಆಮೇಲೆ ಕೈ ಇಕ್ಬೇಕು" ಎಂದು ಮೊದಲು ಹೇಳುವವನು ಅವನೇ. ಪವರ್‌ಲೂಮಿನ ಮುಂದೆ ನಿಂತು ಕೆಲಸ ಮಾಡಬೇಕು. ಕೂತು ರೂಢಿಯಾದವರಿಗೆ ಸೊಂಟ ನೋಯುತ್ತದೆಂದು ನಾನೇ ಸ್ಟೂಲು ಹಾಕಿಸಿದ್ದೆ.

ಒಂದು ಮಧ್ಯಾಹ್ನ ಎಳೆ ಕಡಿಯಿತು. ಅಪ್ಪ ಸ್ಟೂಲಿನ ಮೇಲೆ ಕೂತಲ್ಲೇ ಎರಡೂ ಕಾಲು ಎತ್ತಿದ. ನನಗೆ ಹೊಡೆದು ಕಲಿಸಿದ್ದನಲ್ಲ, ಹಾಗೇ, ನೀಟಾಗಿ. ಆಮೇಲೆ ಕೈ ಒಳಗಿಟ್ಟ. ಕಾಲೆತ್ತಿದ ಮೇಲೆ ಮಗ್ಗ ನಿಂತಿದೆ ಎಂದೇ ಅವನ ಮೈಗೆ ನಂಬಿಕೆ. ಎಳೆಯನ್ನು ಬಡಿದು ಕೂರಿಸುವ ಹಣಿಗೆ ಬಂದು ಕೈಗೆ ಬಡಿಯಿತು. ನಾನು ಓಡಿ ಸ್ವಿಚ್ ಮುಟ್ಟುವಷ್ಟರಲ್ಲಿ ಇನ್ನೂ ಎರಡು ಸಲ ಬಡಿಯಿತು. ಬಲಗೈಯ ಎರಡು ಬೆರಳು ಬರೀ ಚರ್ಮದಲ್ಲಿ ಜೋತಾಡುತ್ತಿದ್ದವು. ಬಿಳಿ ಹಾಸಿನ ಮೇಲೆ ರಕ್ತ ಎಳೆ ಹಿಡಿದು ಹರಿಯಿತು. ಅಪ್ಪ ಇನ್ನೂ ಗಾಳಿಯಲ್ಲೇ ಇದ್ದ ತನ್ನ ಕಾಲುಗಳನ್ನು ನೋಡುತ್ತಿದ್ದ.

ಆಸ್ಪತ್ರೆಯಲ್ಲಿ ಎರಡೂ ಬೆರಳು ತೆಗೆದರು. ಕಾರ್ಮಿಕನ ಅಜಾಗರೂಕತೆ ಎಂದು ಕೇಂದ್ರದ ಸಾಹೇಬರು ಬರೆದ ಕಾಗದಕ್ಕೆ ನಾನು ಸಹಿ ಹಾಕಿದೆ. ಕೆಲಸ ಹೋಗುತ್ತದೆಂಬ ಭಯ, ಅಷ್ಟೇ. ಮಾರನೇ ದಿನದಿಂದ ಕ್ಲಾಸಿಗೆ ಬೆತ್ತ ಹಿಡಿದು ಹೋದೆ. ಮಿಷಿನ್ ಆಫ್ ಮಾಡಿ ಒಬ್ಬೊಬ್ಬರನ್ನೇ ಕೂರಿಸಿ "ಎಳೆ ಕಡೀತು!" ಎಂದು ಕೂಗುತ್ತಿದ್ದೆ. ಸ್ವಿಚ್ ಮುಟ್ಟದೆ ಕೈ ಒಳಗಿಟ್ಟವರ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದೆ. ಕೈ ಉಳಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಅದು ಆ ಸಹಿಯ ಮೇಲಿನ ಸಿಟ್ಟು.

ಯಳಂದೂರು ಕಡೆಯ ಹೆಂಗಸೊಬ್ಬಳು ಎಷ್ಟು ಏಟು ತಿಂದರೂ ಕಾಲೆತ್ತಿಯೇ ಕೈ ಹಾಕುತ್ತಿದ್ದಳು. "ಗೊತ್ತದೆ ಸಾ, ಆದ್ರೂ ಆಗದಿಲ್ಲ" ಎಂದು ಅಳುತ್ತಿದ್ದಳು. ಒಂದು ದಿನ ಅವಳ ಗೆಣ್ಣು ಒಡೆದು ರಕ್ತ ಬಂತು. ಮತ್ತೆ ಬೆತ್ತ ಎತ್ತಿದೆ, ಹಿಂದಿನಿಂದ ಯಾರೋ ಕಿತ್ತುಕೊಂಡರು. ಆಸ್ಪತ್ರೆಯಲ್ಲಿ ಬ್ಯಾಂಡೇಜ್ ಬದಲಾಯಿಸಿಕೊಂಡು ನೇರ ಅಲ್ಲಿಗೇ ಬಂದಿದ್ದ ಅಪ್ಪ. ಎಡಗೈಯಲ್ಲೇ ನನ್ನ ಮೊಣಕಾಲ ಕೆಳಗೆ, ಹಳೇ ಜಾಗಕ್ಕೇ, ಬಾರಿಸಿದ.

"ಕೈ ಏನ್ಲಾ ತಪ್ಪು ಮಾಡ್ತು? ಕಾಲೆತ್ತುದ್ ಮ್ಯಾಲೆ ತಾನೇ ಅದು ಒಳೀಕ್ ಓಗದು? ನಲವತ್ತೊರ್ಸದ ಕಾಲ್ಗೆ ಒಂದ್ ತಿಂಗ್ಳಲ್ಲಿ ಬುದ್ಧಿ ಕಲ್ಸಕ್ ಬಂದವ್ನೆ! ಆ ಮಿಷಿನ್ಗೆ ಕಲ್ಸ್ಲಾ!"

ಮೇಷ್ಟ್ರಾದ ನನ್ನ ತಲೆಗೆ ಅದು ಆಗ ಹೊಳೆಯಿತು. ಗುಜರಿಯಿಂದ ಪೆಡಲು, ಸ್ಪ್ರಿಂಗು, ಕಬ್ಬಿಣದ ಸರಳು ತಂದು ಮಿಷಿನ್ನಿನ ಸ್ವಿಚ್ಚಿಗೂ ಬ್ರೇಕಿಗೂ ಜೋಡಿಸಿದೆ. ತುಳಿದಿದ್ದರೆ ಓಡಬೇಕು, ಬಿಟ್ಟರೆ ನಿಲ್ಲಬೇಕು. ಅಪ್ಪನೂ ಕ್ಲಾಸಿನವರೂ ಸುತ್ತ ನಿಂತು ನೋಡುತ್ತಿದ್ದರು. ಕೊನೇ ಬೋಲ್ಟು ಬಿಗಿಯುವಾಗ ಸಾಹೇಬರು ನುಗ್ಗಿದರು.

"ಯಾರನ್ನ ಕೇಳಿ ಮಿಷಿನ್ ಬಿಚ್ಚಿದ್ರಿ? ಬದಲಾಗಬೇಕಾದ್ದು ಜನ ಕಣ್ರಿ, ಮಿಷಿನ್ ಅಲ್ಲ!" ಎಂದು ನನ್ನ ಸ್ಪ್ಯಾನರಿಗೆ ಕೈ ಹಾಕಿದರು. ನಾನು ಅವರ ಕಾಲರ್ ಹಿಡಿದು ಗೋಡೆಗೆ ಒತ್ತಿದೆ. ಅವರ ತಲೆ ಗೋಡೆಗೆ ಬಡಿದ ಸದ್ದಿನ ಹಿಂದೆಯೇ ಮಿಷಿನ್ ಓಡುವ ಸದ್ದು ಕೇಳಿತು.

ಅಪ್ಪ ಸ್ಟೂಲಿನ ಮೇಲೆ ಕೂತಿದ್ದ. ಆ ಪೆಡಲನ್ನು ನಾನಿನ್ನೂ ಒಂದು ಸಲವೂ ಪರೀಕ್ಷಿಸಿರಲಿಲ್ಲ. ಅವನು ಒಂದು ಎಳೆಯನ್ನು ತಾನೇ ಕಿತ್ತ, ಕಾಲೆತ್ತಿದ, ಉಳಿದಿದ್ದ ಒಂದೇ ಒಳ್ಳೇ ಕೈಯನ್ನು ಒಳಗಿಟ್ಟ. "ಅಪ್ಪಾ!" ಎಂದು ಕಿರುಚಿದೆ. ನನ್ನ ಹಿಡಿತದಲ್ಲಿದ್ದ ಸಾಹೇಬರೂ ಕಿರುಚಿದರು.

ಮಿಷಿನ್ ನಿಂತಿತ್ತು. ಹಣಿಗೆ ಅವನ ಬೆರಳಿಗಿಂತ ಒಂದು ಗೇಣು ಹಿಂದೆ ನಿಂತಿತ್ತು. ಬ್ಯಾಂಡೇಜಿನಿಂದ ಹೊರಗಿದ್ದ ಹೆಬ್ಬೆರಳನ್ನೂ ಸೇರಿಸಿ, ತಡಕಾಡಿ, ಎಳೆಗೆ ಗಂಟು ಹಾಕಿ ಎದ್ದ. ನಾನು ಸಾಹೇಬರ ಕಾಲರ್ ಬಿಟ್ಟೆ.

"ಬಾ ಕಣವ್ವ, ಈಗ ನೀ ಕೂತ್ಕೊ. ಕಾಲೆತ್ತು, ಏನೂ ಆಗದಿಲ್ಲ" ಎಂದು ಯಳಂದೂರಿನ ಆ ಹೆಂಗಸನ್ನು ಕರೆದ.

ಅವಳು ಬಂದಳು. ಮಿಷಿನ್ ಕಡೆ ನೋಡಲೇ ಇಲ್ಲ. ನನ್ನ ಕೈಯಲ್ಲಿ ಬೆತ್ತ ಇಲ್ಲವೆಂದು ಎರಡೆರಡು ಸಲ ನೋಡಿಕೊಂಡು, ಆಮೇಲೆ ಕೂತಳು.